ಯೇಲ್ ಕಂಪನಿಯ ಮೂರು ಗಡಿಯಾರದ ಟೈಮ್ ಲಾಕ್: ವರ್ಷಗಟ್ಟಲೆ ಓಡಿಸಿದ ಮೇಲೆ

ಹಳೇ ಬ್ಯಾಂಕ್ ಬೀಗಗಳಲ್ಲಿ ಒಂದನ್ನು ಮಾತ್ರ ಕೊಳ್ಳುವುದಾದರೆ ಮೂರು ಗಡಿಯಾರ ಇರುವ ಟೈಮ್ ಲಾಕನ್ನೇ, ಅಂದರೆ ಗೊತ್ತುಮಾಡಿದ ಹೊತ್ತಾಗುವವರೆಗೆ ಬಾಗಿಲು ತೆರೆಯಲು ಬಿಡದ ಬೀಗವನ್ನೇ ಕೊಳ್ಳಿ. ನನ್ನ ಹತ್ತಿರ ಇರುವುದು ಅಮೆರಿಕದ ಕನೆಕ್ಟಿಕಟ್ ರಾಜ್ಯದ ಸ್ಟ್ಯಾಮ್‌ಫರ್ಡ್‌ನಲ್ಲಿದ್ದ ಯೇಲ್ ಅಂಡ್ ಟೌನ್ ಕಂಪನಿಯದು, 72 ಗಂಟೆ ಓಡುವ ಮಾದರಿ. ವರ್ಷಗಳಿಂದ ಓಡಿಸುತ್ತಿದ್ದೇನೆ, ಇವತ್ತಿಗೂ ಇದರ ಮೇಲಿನ ಪ್ರೀತಿ ಕಮ್ಮಿಯಾಗಿಲ್ಲ.

ಇದು ಖಜಾನೆ ಬಾಗಿಲಿನ ಒಳಮೈಗೆ ಕೂರುವ ಬೀಗ. ಹೊರಗಡೆಯಿಂದ ಇದನ್ನು ಮುಟ್ಟಲು ದಾರಿಯೇ ಇಲ್ಲ. ಸಂಜೆ ಬಾಗಿಲು ಮುಚ್ಚುವ ಮುಂಚೆ ಮೂರೂ ಗಡಿಯಾರಗಳಿಗೆ ಕೀ ಕೊಡಬೇಕು. ಕೀ ತಿರುಗಿಸಿದಂತೆ ಡಯಲ್ ಮೇಲಿನ ಗಂಟೆ ಏರುತ್ತದೆ. ಆಮೇಲೆ ಅದು ನಿಧಾನವಾಗಿ ಸೊನ್ನೆಗೆ ಇಳಿಯುತ್ತದೆ. ಅಲ್ಲಿಯವರೆಗೆ ಬಾಗಿಲಿನ ಮುಖ್ಯ ಬೀಗ ತೆಗೆಯುವ ಕಾಂಬಿನೇಷನ್ ನಂಬರ್ ಗೊತ್ತಿರುವ ಮ್ಯಾನೇಜರ್ ಬಂದರೂ ಬೋಲ್ಟ್ ಸರಿಯುವುದಿಲ್ಲ.

ಅದೇ ಇದರ ದೊಡ್ಡ ಗುಣ. 1876ರ ಜನವರಿಯಲ್ಲಿ ಮ್ಯಾಸಚೂಸೆಟ್ಸ್‌ನ ನಾರ್ತಾಂಪ್ಟನ್‌ನಲ್ಲಿ ದರೋಡೆಕೋರರು ರಾತ್ರಿ ಬ್ಯಾಂಕ್ ಕ್ಯಾಷಿಯರ್ ಮನೆಗೇ ನುಗ್ಗಿದರು. ಹಿಂಸೆ ಕೊಟ್ಟು ನಂಬರ್ ಬಾಯಿ ಬಿಡಿಸಿ, ಹತ್ತು ಲಕ್ಷ ಡಾಲರ್‌ಗೂ ಜಾಸ್ತಿ ಬೆಲೆಯ ನಗದು, ಬಾಂಡು ಹೊತ್ತೊಯ್ದರು. ಬೀಗ ಎಷ್ಟು ಗಟ್ಟಿಯಾಗಿದ್ದರೇನು, ನಂಬರ್ ಗೊತ್ತಿದ್ದ ಮನುಷ್ಯನಿಗೆ ನೋವಾಗುತ್ತದಲ್ವಾ? ರಾಚೆಸ್ಟರ್‌ನ ಬೀಗ ತಯಾರಕ ಜೇಮ್ಸ್ ಸಾರ್ಜೆಂಟ್ ಅದಾಗಲೇ 1874ರಲ್ಲಿ ಇಲಿನಾಯ್‌ನ ಮಾರಿಸನ್ ಊರಿನ ಬ್ಯಾಂಕಿಗೆ ತಮ್ಮ ಟೈಮ್ ಲಾಕ್ ಕೂರಿಸಿದ್ದರು. ಇಂಥ ಬೀಗ ಇದ್ದ ಕಡೆ ಕ್ಯಾಷಿಯರ್‌ನನ್ನು ಹಿಂಸಿಸಿ ಕಳ್ಳರಿಗೆ ಲಾಭವಿಲ್ಲ. ಹಣಕ್ಕಿಂತ ಮೊದಲು ಇದು ಕಾಪಾಡುವುದು ಬ್ಯಾಂಕಿನ ನೌಕರನನ್ನು ಅಂತ ನನಗೆ ಅನ್ನಿಸುತ್ತದೆ.

ಇನ್ನು ಮೂರು ಗಡಿಯಾರ ಯಾಕೆ? ಒಂದೇ ಇದ್ದು, ಅದು ನಡುವೆ ನಿಂತುಹೋದರೆ ಬಾಗಿಲು ಕೊರೆಯುವುದೇ ಗತಿ. ಇಲ್ಲಿ ಮೂರರಲ್ಲಿ ಯಾವುದಾದರೂ ಒಂದು ಸೊನ್ನೆ ಮುಟ್ಟಿದರೆ ಸಾಕು, ಬೋಲ್ಟ್ ಬಿಡುಗಡೆ. ಲೆಕ್ಕಕ್ಕೆ, ನೂರು ರಾತ್ರಿಗೊಮ್ಮೆ ನಿಲ್ಲುವಂಥ ಸಾಧಾರಣ ಗಡಿಯಾರ ಅಂದುಕೊಳ್ಳಿ. ಮೂರೂ ಒಂದೇ ರಾತ್ರಿ ನಿಲ್ಲುವ ಸಂಭವ ಹತ್ತು ಲಕ್ಷಕ್ಕೆ ಒಂದು. ನನ್ನ ಬೀಗದಲ್ಲಿ ಮೂರೂ ಒಟ್ಟಿಗೆ ಸೊನ್ನೆಗೆ ಬರುವುದಿಲ್ಲ, ಕೆಲವು ನಿಮಿಷ ಹಿಂದೆ ಮುಂದೆ ಆಗುತ್ತದೆ. ಅದು ದೋಷವಲ್ಲ.

72 ಗಂಟೆ ಸಾಕೇ? ಶುಕ್ರವಾರ ಸಂಜೆ 5ಕ್ಕೆ ಮುಚ್ಚಿ ಸೋಮವಾರ ಬೆಳಿಗ್ಗೆ 9ಕ್ಕೆ ತೆಗೆಯಲು 64 ಗಂಟೆ. ಸೋಮವಾರವೂ ರಜೆ ಬಂದರೆ 88 ಆಗುತ್ತದೆ, ಆಗ ಇದು ಸಾಲದು. ಮುಂದೆ 96, 120 ಗಂಟೆಯ ಗಡಿಯಾರಗಳು ಬಂದದ್ದು ಸುಮ್ನೆ ಅಲ್ಲ. ಕೀ ಜಾಸ್ತಿ ಕೊಟ್ಟರೆ ಮಾತ್ರ ಕಷ್ಟ: ಮೂರಕ್ಕೂ ಹಾಗೇ ಮಾಡಿದರೆ ಬ್ಯಾಂಕಿನವರೇ ಹೊರಗೆ ಕಾಯಬೇಕು.

ತೊಂದರೆಗಳೂ ಇವೆ. ಮಾರಿದವರು ಮೂರೂ ಓಡುತ್ತವೆ ಅಂದಿದ್ದರು. ಮನೆಗೆ ಬಂದಾಗ ಒಂದು ಅಲ್ಲಾಡಲಿಲ್ಲ. ಹಳೇ ಎಣ್ಣೆ ಅಂಟಾಗಿ ಚಕ್ರಗಳನ್ನು ಹಿಡಿದಿತ್ತು. ಒಂದೊಂದು ಗಡಿಯಾರವನ್ನೂ ಬೇರೆ ಬೇರೆಯಾಗಿ ಬಿಚ್ಚಬಹುದಾದ್ದರಿಂದ ಕೆಟ್ಟದ್ದನ್ನು ಮಾತ್ರ ರಿಪೇರಿಗೆ ಕೊಟ್ಟೆ. ಪೂರ್ತಿ ಬಿಚ್ಚಿ, ತೊಳೆದು, ಹೊಸ ಎಣ್ಣೆ ಹಾಕಿದ ಮೇಲೆ ಚೆನ್ನಾಗಿದೆ. ಬೀಗದ ಬೆಲೆ ಜೊತೆ ಈ ಖರ್ಚನ್ನೂ ಲೆಕ್ಕ ಹಾಕಿ. ದಯವಿಟ್ಟು ಡಬ್ಬಿಯ ಸ್ಪ್ರೇ ಎಣ್ಣೆ ಹೊಡೆಯಬೇಡಿ, ಧೂಳು ಹಿಡಿದು ಮತ್ತೆ ಅಂಟಾಗುತ್ತದೆ.

ಕೊಳ್ಳುವಾಗ ಪ್ರತಿ ಗಡಿಯಾರಕ್ಕೂ ಸ್ವಲ್ಪ ಸ್ವಲ್ಪ ಕೀ ಕೊಟ್ಟು, ಒಂದೊಂದೇ ಸೊನ್ನೆಗೆ ಬಂದು ಬೋಲ್ಟಿನ ತಡೆ ಸರಿಸುತ್ತದಾ ನೋಡಿ. ಮೂರನ್ನೂ ಒಟ್ಟಿಗೆ ಓಡಿಸಿ ನೋಡಿದರೆ ಕೆಟ್ಟದ್ದು ಯಾವುದು ಅಂತ ತಿಳಿಯುವುದಿಲ್ಲ. ಬೀಗದ ಪೆಟ್ಟಿಗೆಯ ಗಾಜಿನ ಬಾಗಿಲಿನ ಕೀ, ಗಡಿಯಾರದ ಕೀ ಎರಡನ್ನೂ ಕೇಳಿ ಪಡೆಯಿರಿ. ಮನೆಯಲ್ಲಿ ನಿಜವಾಗಿ ಬಳಸುವ ತಿಜೋರಿಗೆ ಮಾತ್ರ ಇದನ್ನು ಕೂರಿಸಲೇಬೇಡಿ. ಸ್ಟ್ಯಾಂಡ್ ಮೇಲಿಟ್ಟು ಓಡಿಸಿ.