ದೊಡ್ಡ ಕಡತವನ್ನು ಅಧ್ಯಾಯವಾರು ಒಡೆಯಲು ವಿಮ್: 9 ವರ್ಷಗಳ ಬಳಕೆಯ ನಂತರ

ಉದ್ದನೆಯ ಪಠ್ಯಗಳನ್ನು ತಿದ್ದಿ ಅಣಿಗೊಳಿಸುವುದು ನನ್ನ ಕೆಲಸ. ಕೈಪಿಡಿಯಾಗಲಿ, ವರ್ಷಪೂರ್ತಿಯ ಸಭಾ ನಡಾವಳಿಯಾಗಲಿ, ಎಲ್ಲವೂ ಒಂದೇ ಕಡತವಾಗಿ ಕೈಗೆ ಬರುತ್ತದೆ; ಅದನ್ನು ಅಧ್ಯಾಯಕ್ಕೊಂದರಂತೆ ಬೇರೆ ಬೇರೆ ಕಡತಗಳಾಗಿ ಒಡೆದುಕೊಡಬೇಕಾಗುತ್ತದೆ. ಮೊದಮೊದಲು ಇದನ್ನು ಕಾಪಿ, ಪೇಸ್ಟ್ ಮಾಡಿಯೇ ಮುಗಿಸುತ್ತಿದ್ದೆ. 40 ಅಧ್ಯಾಯಗಳಿದ್ದ ಒಂದು ಪಠ್ಯದಲ್ಲಿ ಎರಡು ಪ್ಯಾರಾಗಳು ಯಾವ ಕಡತಕ್ಕೂ ಸೇರದೆ ಬಿಟ್ಟುಹೋಗಿದ್ದವೆಂದು ಒಂದು ತಿಂಗಳ ಮೇಲೆ ತಿಳಿದಾಗ, ಈ ಕೆಲಸವನ್ನು ಇನ್ನು ಕೈಯಿಂದ ಮಾಡಬಾರದೆಂದು ನಿಶ್ಚಯಿಸಿ, ಪಠ್ಯ ತಿದ್ದುವ ತಂತ್ರಾಂಶವಾದ ವಿಮ್ ಎಡಿಟರಿನಲ್ಲಿ ಆದೇಶಗಳನ್ನು ಒಟ್ಟುಗೂಡಿಸಿ ಓಡಿಸುವ ಸ್ಕ್ರಿಪ್ಟ್‌ಗಳನ್ನು ಕಲಿಯಲು ಕುಳಿತೆ.

ವಿಮ್ ಹೊಸ ತಂತ್ರಾಂಶವಲ್ಲ. ಬಿಲ್ ಜಾಯ್ 1976ರಲ್ಲಿ ಬರೆದ ವಿಐ ಎಡಿಟರಿನ ಜಾಡಿನಲ್ಲಿ ಬ್ರಾಮ್ ಮೂಲೆನಾರ್ 1991ರಲ್ಲಿ ಇದನ್ನು ಬಿಡುಗಡೆ ಮಾಡಿದರು. 2023ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ಬೆಳೆಸಿದರು. ಕಡತ ಒಡೆಯುವವರಿಗೆ ಇದರಲ್ಲಿ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ‘ಗ್ಲೋಬಲ್’ ಆದೇಶವಂತೂ ವಿಐಗಿಂತಲೂ ಹಳೆಯದಾದ ಇಡಿ ಎಂಬ ಎಡಿಟರಿನಿಂದ ಬಂದದ್ದು. ಅದು ಎರಡು ಸುತ್ತಿನಲ್ಲಿ ಕೆಲಸ ಮಾಡುತ್ತದೆ. ಮೊದಲ ಸುತ್ತಿನಲ್ಲಿ ಕಡತವನ್ನೆಲ್ಲ ಓದಿ, ನಾವು ಕೊಟ್ಟ ನಮೂನೆಗೆ ಹೊಂದುವ ಸಾಲುಗಳಿಗೆ ಗುರುತು ಹಾಕುತ್ತದೆ. ಎರಡನೆಯ ಸುತ್ತಿನಲ್ಲಿ ಗುರುತಿರುವ ಪ್ರತಿಯೊಂದು ಸಾಲಿನ ಮೇಲೂ ನಾವು ಹೇಳಿದ ಆದೇಶವನ್ನು ನಡೆಸುತ್ತದೆ. ‘ಅಧ್ಯಾಯ ಎಂದು ಆರಂಭವಾಗುವ ಸಾಲಿನಿಂದ ಹಿಡಿದು ಮುಂದಿನ ಅಂಥದೇ ಸಾಲಿನ ಹಿಂದಿನವರೆಗೆ ಬೇರೊಂದು ಕಡತಕ್ಕೆ ಬರೆ’ ಎಂಬುದನ್ನು ಒಂದೇ ಸಾಲಿನಲ್ಲಿ ಹೇಳಿಬಿಡಬಹುದು.

ನಾನು ಇಷ್ಟು ವರ್ಷ ಇದನ್ನೇ ಹಿಡಿದುಕೊಂಡಿರುವ ಮುಖ್ಯ ಕಾರಣ ಬೇರೆಯೇ ಇದೆ. ಅದೇ ಗ್ಲೋಬಲ್ ಆದೇಶಕ್ಕೆ ‘ಬರೆ’ ಎನ್ನುವ ಬದಲು ‘ಸಾಲಿನ ಸಂಖ್ಯೆಯೊಡನೆ ತೋರಿಸು’ ಎಂದರೆ, ಎಲ್ಲೆಲ್ಲಿ ಕತ್ತರಿ ಬೀಳಲಿದೆಯೆಂಬುದು ಪಟ್ಟಿಯಾಗಿ ಕಣ್ಣೆದುರು ನಿಲ್ಲುತ್ತದೆ. ‘ಅಧ್ಯಾಯದ ಕೊನೆಯಲ್ಲಿ ಹೇಳಿದಂತೆ’ ಎಂದು ಶುರುವಾಗುವ ಸಾಮಾನ್ಯ ವಾಕ್ಯವೊಂದು ಶೀರ್ಷಿಕೆಗಳ ನಡುವೆ ಸೇರಿಕೊಂಡಿದ್ದರೆ ಅಲ್ಲಿಯೇ ಕಾಣುತ್ತದೆ. ನಮೂನೆಯನ್ನು ಬಿಗಿಗೊಳಿಸಿ ಮತ್ತೆ ನೋಡಬಹುದು, ಪಟ್ಟಿ ಸರಿಯಾದ ಮೇಲಷ್ಟೇ ಬರೆಯಲು ಹೇಳಬಹುದು. ನೋಡುವುದೂ ಕತ್ತರಿಸುವುದೂ ಒಂದೇ ಜಾಗದಲ್ಲಿ ನಡೆಯುವ ಈ ಅನುಕೂಲ, ಪಠ್ಯವನ್ನು ಓದಬಲ್ಲ ಆದರೆ ವೃತ್ತಿಯಿಂದ ಪ್ರೋಗ್ರಾಮರ್ ಅಲ್ಲದ ನನ್ನಂಥವರಿಗೆ ಬಹಳ ದೊಡ್ಡದು.

ಆ ಒಂದು ಸಾಲಿನ ಆದೇಶ ಎಲ್ಲ ಪಠ್ಯಕ್ಕೂ ಸಾಕೆಂದು ಮಾತ್ರ ಭಾವಿಸಬಾರದು. ಕೊನೆಯ ಅಧ್ಯಾಯದ ನಂತರ ಇನ್ನೊಂದು ಶೀರ್ಷಿಕೆ ಇರುವುದಿಲ್ಲವಾದ್ದರಿಂದ ಹುಡುಕಾಟ ಸುತ್ತಿಕೊಂಡು ಕಡತದ ಆರಂಭಕ್ಕೆ ಹೋಗುತ್ತದೆ, ವಿಮ್ ವ್ಯಾಪ್ತಿ ತಲೆಕೆಳಗಾಗಿದೆಯೆಂದು ದೂರುತ್ತದೆ. ಕಡತದ ತುದಿಯಲ್ಲಿ ಹುಸಿ ಶೀರ್ಷಿಕೆಯೊಂದನ್ನು ಸೇರಿಸಿ ಇದನ್ನು ದಾಟಬಹುದು. ಆದರೆ ‘ಸರ್ಚ್’ ಫಂಕ್ಷನ್ನಿಗೆ ಸುತ್ತಿಕೊಳ್ಳಬೇಡವೆಂಬ ಸೂಚನೆ ಕೊಟ್ಟು, ಅದು ಏನೂ ಸಿಗಲಿಲ್ಲವೆಂದು ಸೊನ್ನೆ ಹಿಂದಿರುಗಿಸಿದಾಗ ಕಡತದ ಕೊನೆಯ ಸಾಲನ್ನೇ ಎಲ್ಲೆಯಾಗಿ ತೆಗೆದುಕೊಳ್ಳುವುದು ಹೆಚ್ಚು ಶುಚಿಯಾದ ದಾರಿ. ಮೊದಲ ಶೀರ್ಷಿಕೆಗಿಂತ ಮುಂಚೆ ಇರುವ ಮುನ್ನುಡಿ, ಅರಿಕೆ ಇತ್ಯಾದಿಗಳ ವಿಷಯದಲ್ಲಿ ದೂರು ಕೂಡ ಕೇಳಿಸುವುದಿಲ್ಲ. ಅವು ಸದ್ದಿಲ್ಲದೆ ಹೊರಗುಳಿಯುತ್ತವೆ.

ನನಗೆ ನಿಜವಾದ ನಷ್ಟವಾದದ್ದು ಕಡತಗಳ ಹೆಸರಿನಿಂದ. ಶೀರ್ಷಿಕೆಯನ್ನೇ ಹೆಸರಾಗಿಸುವ ಸ್ಕ್ರಿಪ್ಟ್ ಬರೆದುಕೊಂಡಿದ್ದೆ. ಅದೇ ಹೆಸರಿನ ಕಡತ ಮೊದಲೇ ಇದ್ದರೆ ವಿಮ್ ಬರೆಯಲು ಒಪ್ಪುವುದಿಲ್ಲ, ಆದರೆ ಸ್ಕ್ರಿಪ್ಟನ್ನು ಮತ್ತೆ ಮತ್ತೆ ಓಡಿಸುವಾಗ ಈ ತಡೆ ಅಡ್ಡಿಯೆನಿಸಿ ನಾನು ಆಶ್ಚರ್ಯಚಿಹ್ನೆ ಸೇರಿಸಿ ಅದನ್ನು ಮೀರಿದ್ದೆ. ‘ಉಪಸಂಹಾರ’ ಎಂಬ ಶೀರ್ಷಿಕೆ ಎರಡು ಕಡೆ ಇದ್ದ ಪಠ್ಯದಲ್ಲಿ ಎರಡನೆಯದು ಮೊದಲನೆಯದರ ಮೇಲೆ ಬರೆದುಕೊಂಡಿತು. ವಿಮ್‌ನ ಅನ್‌ಡೂ ತೆರೆದಿರುವ ಪಠ್ಯದ ಬದಲಾವಣೆಗಳನ್ನು ಹಿಂತೆಗೆಯುತ್ತದೆಯೇ ಹೊರತು ಡಿಸ್ಕಿಗೆ ಬರೆದ ಕಡತವನ್ನಲ್ಲ. ಅಂದಿನಿಂದ ಪ್ರತಿ ಹೆಸರಿನ ಮುಂದೆ 001, 002 ಎಂದು ಮೂರಂಕಿಯ ಕ್ರಮಸಂಖ್ಯೆ ಇಡುತ್ತೇನೆ. ಹೆಸರುಗಳು ಒಂದಕ್ಕೊಂದು ತಾಗುವುದಿಲ್ಲ, ಪಟ್ಟಿಯಲ್ಲಿ 10ನೆಯದು 2ನೆಯದಕ್ಕಿಂತ ಮೊದಲು ಬಂದು ಕೂರುವುದೂ ಇಲ್ಲ.

ಕನ್ನಡ ಪಠ್ಯವಾದರೆ ಇನ್ನೂ ಕೆಲವು ಎಚ್ಚರಗಳು ಬೇಕು. ಅಂಕಿಗಾಗಿ ಇರುವ ವಿಮ್‌ನ ಸಿದ್ಧ ಸಂಕೇತ 0ಯಿಂದ 9ರವರೆಗಿನ ಅಂಕಿಗಳನ್ನು ಮಾತ್ರ ಹಿಡಿಯುತ್ತದೆ. ‘ಅಧ್ಯಾಯ ೧೨’ ಎಂದಿದ್ದರೆ ೦ಯಿಂದ ೯ರವರೆಗಿನ ವ್ಯಾಪ್ತಿಯನ್ನು ನಾವೇ ಆವರಣದಲ್ಲಿ ಬರೆಯಬೇಕು. ‘ಕೊ’ ಎಂಬಂಥ ಅಕ್ಷರದ ಸ್ವರಚಿಹ್ನೆಯನ್ನು, ಅಕ್ಷರಗಳಿಗೆ ಸಂಕೇತಸಂಖ್ಯೆ ಕೊಡುವ ವ್ಯವಸ್ಥೆಯಾದ ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಎರಡು ಸಂಕೇತಗಳ ಜೋಡಿಯಾಗಿಯೂ ಬರೆಯಬಹುದಾದ್ದರಿಂದ, ಪರದೆಯ ಮೇಲೆ ಒಂದೇ ಆಗಿ ಕಾಣುವ ಎರಡು ಶೀರ್ಷಿಕೆಗಳಲ್ಲಿ ಒಂದು ಮಾತ್ರ ಹುಡುಕಾಟಕ್ಕೆ ಸಿಗಬಹುದು. ಕಣ್ಣಿಗೆ ಕಾಣದ ಶೂನ್ಯ ಅಗಲದ ಅಕ್ಷರಗಳೂ ಹೀಗೆಯೇ ಕಾಡುತ್ತವೆ. ಕರ್ಸರನ್ನು ಅಕ್ಷರದ ಮೇಲಿಟ್ಟು ‘ಜಿ’ ಮತ್ತು ‘ಎ’ ಕೀಲಿಗಳನ್ನು ಒತ್ತಿದರೆ ಅದರ ಸಂಕೇತಸಂಖ್ಯೆಗಳು ಕಾಣುತ್ತವೆ. ನನ್ನ ಎಷ್ಟೋ ಗಂಟೆಗಳನ್ನು ಉಳಿಸಿದ ಸೌಲಭ್ಯವಿದು. ಲಿನಕ್ಸಿನ ಸಾಮಾನ್ಯ ಕಡತವ್ಯವಸ್ಥೆಗಳಲ್ಲಿ ಹೆಸರಿನ ಮಿತಿ 255 ಬೈಟ್. ಆ ಸಂಕೇತಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕಾಗುವುದರಿಂದ 85 ಸಂಕೇತಗಳಿಗೇ ಅದು ತುಂಬುತ್ತದೆ, ಅದೂ ಒತ್ತಕ್ಷರ, ಗುಣಿತ ಎಲ್ಲವನ್ನೂ ಬಿಡಿಯಾಗಿ ಎಣಿಸಿದಾಗ. ಆದ್ದರಿಂದ ಉದ್ದ ಶೀರ್ಷಿಕೆಯ ಮೊದಲ ಕೆಲವು ಪದಗಳನ್ನಷ್ಟೇ ಹೆಸರಿಗೆ ಬಳಸುತ್ತೇನೆ.

ಇಷ್ಟೆಲ್ಲ ಆದ ಮೇಲೂ ಒಡೆದ ಕಡತಗಳನ್ನು ನಾನು ಹಾಗೆಯೇ ಯಾರಿಗೂ ಕೊಡುವುದಿಲ್ಲ. ಅವುಗಳನ್ನೆಲ್ಲ ಕ್ರಮವಾಗಿ ಮತ್ತೆ ಜೋಡಿಸಿ, ಮೂಲದೊಂದಿಗೆ ಬೈಟಿಗೆ ಬೈಟ್ ಹೋಲಿಸಿ, ವ್ಯತ್ಯಾಸವಿಲ್ಲವೆಂದು ಖಚಿತವಾದ ಮೇಲಷ್ಟೇ ಕೆಲಸ ಮುಗಿಯಿತೆಂದು ಎಣಿಸುತ್ತೇನೆ. ಮುನ್ನುಡಿ ಬಿಟ್ಟುಹೋಗುವುದನ್ನು ನನಗೆ ತೋರಿಸಿಕೊಟ್ಟದ್ದು ಈ ಹೋಲಿಕೆಯೇ. ‘ರೈಟ್‌ಫೈಲ್’ ಫಂಕ್ಷನ್ ಮೂಲ ಕಡತದ ವಿಂಡೋಸ್ ಸಾಲಂತ್ಯಗಳನ್ನು (ಸಾಲು ಮುಗಿಯಿತೆಂದು ಸೂಚಿಸುವ, ಕಣ್ಣಿಗೆ ಕಾಣದ ಗುರುತುಗಳನ್ನು) ಉಳಿಸಿಕೊಳ್ಳುವುದಿಲ್ಲ, ‘ರೈಟ್’ ಆದೇಶ ಉಳಿಸಿಕೊಳ್ಳುತ್ತದೆ ಎಂಬುದು ತಿಳಿದದ್ದೂ ಹೀಗೆಯೇ. ಈಗ ನನ್ನ ಸ್ಕ್ರಿಪ್ಟಿನ 60 ಸಾಲುಗಳಲ್ಲಿ ಒಡೆಯುವ ಭಾಗ 12 ಸಾಲನ್ನೂ ಮೀರುವುದಿಲ್ಲ.

ಸ್ಕ್ರಿಪ್ಟ್ ಭಾಷೆಯ ಬಗ್ಗೆ ನನ್ನ ಅಸಮಾಧಾನವನ್ನೂ ಹೇಳಬೇಕು. ಹಳೆಯ ವಿಮ್‌ಸ್ಕ್ರಿಪ್ಟಿನಲ್ಲಿ ಉದ್ಧರಣ ಚಿಹ್ನೆ ಕೆಲವೆಡೆ ಪಠ್ಯದ ಆರಂಭ, ಕೆಲವೆಡೆ ಟಿಪ್ಪಣಿಯ ಆರಂಭ. ಬಳಕೆದಾರರ ಸ್ವಂತ ಆಯ್ಕೆಗಳು ಸ್ಕ್ರಿಪ್ಟಿನ ಹುಡುಕಾಟದ ಮೇಲೂ ಪರಿಣಾಮ ಬೀರುತ್ತವೆ. ಆದಕಾರಣ ಬೇರೆಯವರ ಯಂತ್ರದಲ್ಲಿ ಓಡಿಸುವಾಗ ವೈಯಕ್ತಿಕ ಸಂರಚನೆಯನ್ನು ಓದದಂತೆ ವಿಮ್ ಆರಂಭಿಸುವುದು ಅವಶ್ಯ. 2022ರ 9.0 ಆವೃತ್ತಿಯೊಂದಿಗೆ ಬಂದ ವಿಮ್9 ಸ್ಕ್ರಿಪ್ಟ್ ಹೆಚ್ಚು ಅಚ್ಚುಕಟ್ಟಾಗಿದೆ, ವೇಗವೂ ಹೆಚ್ಚು. ಹಳೆಯ ಸ್ಕ್ರಿಪ್ಟುಗಳೂ ಆ ಆವೃತ್ತಿಯಲ್ಲಿ ಓಡುತ್ತವೆಂಬುದು ನನಗೆ ನೆಮ್ಮದಿ ತಂದ ಸಂಗತಿ.

ಶೀರ್ಷಿಕೆಗಳು ಒಂದೇ ರೀತಿಯಲ್ಲಿದ್ದು ಕಡತಗಳಿಗೆ ಬರಿಯ ಕ್ರಮಸಂಖ್ಯೆ ಸಾಕೆನ್ನುವವರಿಗೆ ಸಿಸ್‌ಪ್ಲಿಟ್ (csplit) ಎಂಬ ಪುಟ್ಟ ಸಾಧನವೇ ಸಾಕು. ಅದಕ್ಕಾಗಿ ವಿಮ್ ಕಲಿಯುವುದು ವ್ಯರ್ಥ ಶ್ರಮ. ಆದರೆ ಒಂದು ಶೀರ್ಷಿಕೆ ಎರಡು ಸಾಲಿಗೆ ಹರಿದಿರುವ, ಇನ್ನೊಂದರಲ್ಲಿ ಅಕ್ಷರ ತಪ್ಪಿರುವ, ನಾಲ್ಕಾರು ಜನ ಸೇರಿ ಟೈಪ್ ಮಾಡಿದ ಪಠ್ಯ ನಿಮ್ಮ ಮುಂದಿದ್ದರೆ, ತಿದ್ದುತ್ತ ತಿದ್ದುತ್ತಲೇ ಒಡೆಯಲು ನಾನು ಈಗಲೂ ವಿಮ್ ಅನ್ನೇ ತೆರೆಯುತ್ತೇನೆ.