ಗೊರಕೆ ನಿಂತಿತು, ಉಸಿರುಕಟ್ಟುವುದು ನಿಲ್ಲಲಿಲ್ಲ: ಹಲ್ಲಿನ ಸಾಧನ ಮಾಡಿಸಿಕೊಳ್ಳುವವರಿಗೆ ಒಂದು ಎಚ್ಚರಿಕೆ

ಗೊರಕೆಗೆಂದು ಹಲ್ಲಿನ ಸಾಧನ ಮಾಡಿಸಿಕೊಳ್ಳಲು ಹೊರಟಿರುವವರು ದಯವಿಟ್ಟು ಮೊದಲು ಸ್ಲೀಪ್ ಸ್ಟಡಿ, ಅಂದರೆ ನಿದ್ರೆಯಲ್ಲಿ ಉಸಿರಾಟ, ಆಮ್ಲಜನಕ ಮುಂತಾದವನ್ನು ಅಳೆಯುವ ಪರೀಕ್ಷೆ, ಮಾಡಿಸಿಕೊಳ್ಳಿ; ಸಾಧನ ಹೊಂದಿಕೊಂಡ ಮೇಲೆ ಅದನ್ನು ಧರಿಸಿ ಮಲಗಿ ಅದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿ. ಈ ಎರಡರಲ್ಲಿ ಒಂದನ್ನೂ ಸೂಚಿಸದ ಚಿಕಿತ್ಸಾಲಯವೊಂದರಿಂದ ನನ್ನ ಪತಿಗೆ ಆದ ತೊಂದರೆ ಇನ್ನೊಬ್ಬರಿಗೆ ಆಗಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ನಾವು ದಾವಣಗೆರೆಯವರು. ನನ್ನ ಪತಿ ವ್ಯಾಪಾರದ ನಿಮಿತ್ತ ಚಿತ್ರದುರ್ಗ, ಹಾವೇರಿಗಳಿಗೆ ಹೆದ್ದಾರಿಯಲ್ಲಿ ತಾವೇ ಕಾರು ಓಡಿಸಿಕೊಂಡು ಹೋಗುವವರು. ಅವರಿಗೆ ವರ್ಷಗಳಿಂದ ಜೋರು ಗೊರಕೆ, ಮಾತ್ರೆಗೂ ಬಗ್ಗದ ರಕ್ತದೊತ್ತಡ, ಬೆಳಗ್ಗೆ ಏಳುವಾಗಲೇ ತಲೆನೋವು, ಮಧ್ಯಾಹ್ನ ಕುಳಿತಲ್ಲೇ ತೂಕಡಿಕೆ ಇದ್ದವು. ಇವೆಲ್ಲವನ್ನೂ ನಾನು ಆ ದಂತವೈದ್ಯರ ಮುಂದೆ ಒಂದೊಂದಾಗಿ ಹೇಳಿದ್ದೆ. ರಾತ್ರಿ ಗೊರಕೆ ಹಠಾತ್ತನೆ ನಿಂತು, ಸ್ವಲ್ಪ ಹೊತ್ತಿನ ನಂತರ ಉಸಿರಿಗಾಗಿ ಒದ್ದಾಡಿದಂತೆ ಮತ್ತೆ ಶುರುವಾಗುತ್ತದೆ ಎಂಬುದನ್ನೂ ಹೇಳಿದ್ದೆ. ನಿದ್ರೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವ ತೊಂದರೆಯಾದ ಸ್ಲೀಪ್ ಅಪ್ನಿಯಾದ ಶಂಕೆ ಮೂಡಲು ಇಷ್ಟು ಸಾಕಾಗಿತ್ತು. ಅವರು ಹಲ್ಲಿನ ಅಚ್ಚು ತೆಗೆದುಕೊಂಡರು, ಮುಂಗಡ ಹಣ ಪಡೆದರು, ಮುಂದಿನ ಭೇಟಿಯಲ್ಲಿ ಸಾಧನ ಕೊಟ್ಟು ಕಳುಹಿಸಿದರು.

ಈ ಸಾಧನ ಕೆಲಸ ಮಾಡುವ ರೀತಿ ತಿಳಿದಿದ್ದರೆ ಮೋಸ ಹೋಗುವ ಸಂಭವ ಕಡಿಮೆ. ಅದು ಮೇಲಿನ ಹಲ್ಲುಗಳ ಆಸರೆಯಲ್ಲಿ ಕೆಳದವಡೆಯನ್ನು ಕೆಲವು ಮಿಲಿಮೀಟರ್ ಮುಂದಕ್ಕೆ ಹಿಡಿದಿಡುತ್ತದೆ. ನಾಲಿಗೆಯ ಮುಖ್ಯ ಸ್ನಾಯು ಕೆಳದವಡೆಯ ಒಳಬದಿಗೆ ಅಂಟಿಕೊಂಡಿರುವುದರಿಂದ ದವಡೆಯೊಂದಿಗೆ ನಾಲಿಗೆಯೂ ಮುಂದೆ ಸರಿದು ಗಂಟಲಿನ ದಾರಿ ಅಗಲವಾಗುತ್ತದೆ. ದಾರಿ ಸ್ವಲ್ಪವೇ ಅಗಲವಾದರೂ ಕಂಪನ ತಗ್ಗಿ ಸದ್ದು ಅಡಗಬಹುದು. ಆದರೆ ನಿದ್ರೆಯಲ್ಲಿ ಸ್ನಾಯುಗಳು ಸಡಿಲಗೊಂಡಾಗ ಅದೇ ದಾರಿ ಪೂರ್ತಿ ಮುಚ್ಚಿಕೊಳ್ಳುವುದು ಮುಂದುವರಿಯಬಹುದು. ನಮ್ಮ ಮನೆಯಲ್ಲಿ ಆದದ್ದು ಇದೇ. ಮಲಗುವ ಕೋಣೆ ನಿಶ್ಶಬ್ದವಾಯಿತು, ಚಿಕಿತ್ಸೆ ಫಲಿಸಿತೆಂದು ವೈದ್ಯರು ಬರೆದುಕೊಂಡರು, ತೂಕಡಿಕೆಯೂ ತಲೆನೋವೂ ಇದ್ದಂತೆಯೇ ಉಳಿದವು. ಕೇಳಿದಾಗಲೆಲ್ಲ ದೇಹ ಒಗ್ಗಿಕೊಳ್ಳಲು ಕಾಲ ಬೇಕೆಂಬ ಒಂದೇ ಉತ್ತರ ಸಿಗುತ್ತಿತ್ತು.

ಒಂದು ಸಂಜೆ ಹಾವೇರಿಯಿಂದ ಹಿಂದಿರುಗುವಾಗ ಅವರಿಗೆ ಸ್ಟಿಯರಿಂಗ್ ಹಿಡಿದಿದ್ದಂತೆಯೇ ಮಂಪರು ಬಂದು ಕಾರು ರಸ್ತೆಯಂಚಿನ ಕಂಬಿಗೆ ಉಜ್ಜಿತು. ಜೀವಕ್ಕೆ ಅಪಾಯವಾಗಲಿಲ್ಲ. ಆ ಬಳಿಕ ಬೆಂಗಳೂರಿನ ಶ್ವಾಸಕೋಶ ತಜ್ಞರೊಬ್ಬರು ಸಾಧನ ಧರಿಸಿಯೇ ಮಲಗಲು ಹೇಳಿ ಇಡೀ ರಾತ್ರಿಯ ಸ್ಲೀಪ್ ಸ್ಟಡಿ ಮಾಡಿಸಿದರು. ಉಸಿರು ಕನಿಷ್ಠ 10 ಸೆಕೆಂಡು ನಿಂತ ಅಥವಾ ಗಣನೀಯವಾಗಿ ಕುಗ್ಗಿದ ಪ್ರಸಂಗಗಳು ಗಂಟೆಗೆ ಸರಾಸರಿ ಎಷ್ಟು ಎಂಬುದೇ ಎಎಚ್‌ಐ. ಅದು 5ರಿಂದ 15ರೊಳಗಿದ್ದರೆ ಸೌಮ್ಯ, 15ರಿಂದ 30ರೊಳಗಿದ್ದರೆ ಮಧ್ಯಮ, 30 ದಾಟಿದರೆ ತೀವ್ರ. ಬಾಯಲ್ಲಿ ಸಾಧನವಿದ್ದೂ ಇವರದು 38 ಇತ್ತು, ರಕ್ತದ ಆಮ್ಲಜನಕ ಶೇಕಡಾ 80ಕ್ಕಿಂತ ಕೆಳಗಿಳಿಯುತ್ತಿತ್ತು. ಇಂಥ ತೀವ್ರ ಸ್ಥಿತಿಗೆ ಸಾಮಾನ್ಯವಾಗಿ ಮೊದಲು ಸೂಚಿಸುವುದು ಮೂಗಿನ ಮೂಲಕ ಒತ್ತಡದ ಗಾಳಿ ಕೊಡುವ ಸಿಪ್ಯಾಪ್ ಯಂತ್ರ. ಆಸ್ಟ್ರೇಲಿಯಾದ ಕಾಲಿನ್ ಸಲಿವನ್ 1981ರಲ್ಲೇ ಪ್ರಕಟಿಸಿದ ಚಿಕಿತ್ಸೆ ಅದು, ಹೊಸದೇನಲ್ಲ. ಆದರೂ ದಾವಣಗೆರೆಯಲ್ಲಿ ನಮಗೆ ಅದರ ಹೆಸರನ್ನೂ ಯಾರೂ ಹೇಳಿರಲಿಲ್ಲ.

ಹಲ್ಲಿನ ಸಾಧನವೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಬರಿಯ ಗೊರಕೆಗೆ, ಸೌಮ್ಯ ಮತ್ತು ಮಧ್ಯಮ ಅಪ್ನಿಯಾಕ್ಕೆ, ಸಿಪ್ಯಾಪ್ ಸಹಿಸಲಾಗದವರಿಗೆ ಅದು ನಿಜವಾದ ಚಿಕಿತ್ಸೆ. ಅಮೆರಿಕದ ನಿದ್ರಾವೈದ್ಯರ ಮತ್ತು ದಂತವೈದ್ಯರ ಸಂಘಟನೆಗಳು 2015ರಲ್ಲಿ ಒಟ್ಟಾಗಿ ಹೊರತಂದ ಮಾರ್ಗಸೂಚಿಯಲ್ಲಿ ಸಾಧನವನ್ನು ನಿದ್ರಾವೈದ್ಯರು ಸೂಚಿಸಬೇಕು, ಅದು ರೋಗಿಯ ಹಲ್ಲಿನ ಅಳತೆಗೇ ತಯಾರಾಗಿ ಹೊಂದಿಸಿಕೊಳ್ಳುವಂತಿರಬೇಕು, ಪರಿಣಾಮವನ್ನು ಮರುಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು ಎಂದಿದೆ. ಹೊಂದಿಸಿಕೊಳ್ಳುವುದೆಂದರೆ, ದವಡೆ ಮುಂದಕ್ಕೆ ಚಾಚಬಲ್ಲಷ್ಟರಲ್ಲಿ ಸುಮಾರು ಅರ್ಧದಿಂದ ಆರಂಭಿಸಿ, ವಾರಗಳ ಅಂತರದಲ್ಲಿ ಮಿಲಿಮೀಟರಿನ ಭಾಗಗಳಷ್ಟೇ ಮುಂದೆ ಸರಿಸುತ್ತ ಹೋಗುವುದು. ಇವರಿಗೆ ಕೊಟ್ಟಿದ್ದು ಒಂದೇ ಸ್ಥಾನದಲ್ಲಿ ಬೆಸೆದ, ಸರಿಸಲು ತಿರುಪೇ ಇಲ್ಲದ ಸಾಧನ. ಬಿಸಿನೀರಿನಲ್ಲಿ ಅದ್ದಿ ಕಚ್ಚಿಕೊಳ್ಳುವ ಆನ್‌ಲೈನ್ ಸಾಧನಗಳನ್ನಂತೂ ಅಪ್ನಿಯಾ ಇರುವವರು ನಂಬಲೇಬಾರದು.

ಉಳಿದ ಹಾನಿ ಬಾಯಿಯದು. ಮೊದಮೊದಲು ಜೊಲ್ಲು ಸುರಿಯುವುದು, ಹಲ್ಲು ಜುಮ್ಮೆನ್ನುವುದು ಸಹಜ ಮತ್ತು ಬಹುಮಟ್ಟಿಗೆ ತಾತ್ಕಾಲಿಕ. ಆದರೆ ಪ್ರತಿ ರಾತ್ರಿ ಹಲ್ಲುಗಳ ಮೇಲೆ ಬೀಳುವ ಒತ್ತಡದಿಂದ ಮೇಲಿನ ಮುಂಬಲ್ಲು ಹಿಂದಕ್ಕೆ, ಕೆಳಗಿನದು ಮುಂದಕ್ಕೆ ವಾಲಿ ಕಚ್ಚುವ ರೀತಿಯೇ ಬದಲಾಗಬಹುದು. ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ದಂತವೈದ್ಯರು ಇದನ್ನು ಪರೀಕ್ಷಿಸಬೇಕಾದದ್ದು ಅದಕ್ಕಾಗಿಯೇ. ನನ್ನ ಪತಿಗೆ ಈಗ ಹಿಂದಿನ ದವಡೆ ಹಲ್ಲುಗಳು ಒಂದಕ್ಕೊಂದು ತಾಗುವುದಿಲ್ಲ. ಖಡಕ್ ರೊಟ್ಟಿಯನ್ನು ಸಾರಿನಲ್ಲಿ ನೆನೆಸದೆ ತಿನ್ನಲಾರರು, ಕಿವಿಯ ಮುಂದಿನ ಕೀಲು ಬಾಯಿ ತೆರೆದಾಗಲೆಲ್ಲ ನೋಯುತ್ತದೆ. ಸಿಪ್ಯಾಪ್ ಆರಂಭಿಸಿದ ಮೇಲೆ ತೂಕಡಿಕೆ ಹೋಗಿದೆ, ರಕ್ತದೊತ್ತಡ ಹಿಡಿತಕ್ಕೆ ಬರುತ್ತಿದೆ, ಕಚ್ಚು ಮಾತ್ರ ಮೊದಲಿನಂತಾಗಿಲ್ಲ.

ಈ ಬದಲಾವಣೆಗೆ ಪರಿಹಾರ ಕೇಳಲು ಹೋದಾಗ ಆ ಚಿಕಿತ್ಸಾಲಯದವರು ಹಲ್ಲು ಮೊದಲೇ ಹೀಗಿತ್ತೆಂದರು. ಆರಂಭದಲ್ಲಿ ತೆಗೆದ ಅಚ್ಚು ಎಲ್ಲಿ ಎಂದರೆ ಇಟ್ಟುಕೊಂಡಿಲ್ಲವೆಂದರು. ಆದ್ದರಿಂದ ಸಾಧನ ಬಾಯಿಗೆ ಬರುವ ಮೊದಲೇ ನಿಮ್ಮ ಹಲ್ಲಿನ ಅಚ್ಚಿನ ಪ್ರತಿ, ಕಚ್ಚಿ ಹಿಡಿದ ಸ್ಥಿತಿಯ ಛಾಯಾಚಿತ್ರಗಳು, ದವಡೆಯನ್ನು ಎಷ್ಟು ಮಿಲಿಮೀಟರ್ ಮುಂದೆ ತರಲಾಗಿದೆ ಎಂಬ ಬರವಣಿಗೆ, ಇವಿಷ್ಟನ್ನು ದಿನಾಂಕದೊಂದಿಗೆ ಕೇಳಿ ಪಡೆದು ನಿಮ್ಮ ಬಳಿಯೇ ಇಟ್ಟುಕೊಳ್ಳಿ. ಕೊಡಲು ಹಿಂಜರಿದರೆ ಅಲ್ಲಿ ಹಣ ಕಟ್ಟಬೇಡಿ.