ಮಲ್ಟಿ-ವೆಹಿಕಲ್ ಎಟಿಎಫ್: ಯಾವ ಗೇರ್‌ಬಾಕ್ಸ್‌ಗೆ ಸೈ, ಯಾವುದಕ್ಕೆ ಬೇಡವೇ ಬೇಡ

ವಾಲ್ವೊಲಿನ್ ಮ್ಯಾಕ್ಸ್‌ಲೈಫ್‌ನಂಥ ಮಲ್ಟಿ-ವೆಹಿಕಲ್ ಎಟಿಎಫ್ (ಹಲವು ಗಾಡಿಗಳಿಗೆ ಆಗುವ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್) ಡಬ್ಬಿಯನ್ನು ತಿರುಗಿಸಿ ನೋಡಿ: ಡೆಕ್ಸ್‌ರಾನ್-6, ಮರ್ಕಾನ್ ಎಲ್‌ವಿ, ಟೊಯೊಟಾ ಡಬ್ಲ್ಯುಎಸ್, ಹೋಂಡಾ ಡಿಡಬ್ಲ್ಯು-1... ಗಾಡಿ ಕಂಪನಿಗಳ ಆಯಿಲ್ ಮಾನದಂಡಗಳ ಉದ್ದದ ಪಟ್ಟಿ. ಈ ಹೆಸರುಗಳ ತೂಕ ಒಂದೇ ಅಲ್ಲ. ಡೆಕ್ಸ್‌ರಾನ್-6ಕ್ಕೆ ಜನರಲ್ ಮೋಟರ್ಸ್ ಲೈಸೆನ್ಸ್ ಕೊಡುತ್ತದೆ; 'ಜೆ' ಅಕ್ಷರದಿಂದ ಶುರುವಾಗುವ ನಂಬರ್ ಇದ್ದರೆ ಅದು ಪರೀಕ್ಷೆ ಪಾಸಾದ ಆಯಿಲ್. ಟೊಯೊಟಾ, ಹೋಂಡಾ ಹೆಸರಿನ ಮುಂದೆ ಇರುವುದು 'ಬಳಸಲು ತಕ್ಕುದು' ಎಂಬ ಆಯಿಲ್ ಕಂಪನಿಯ ಭರವಸೆ ಮಾತ್ರ. ಇನ್ನು ಡೆಕ್ಸ್‌ರಾನ್-3 ಲೈಸೆನ್ಸ್ 2006ಕ್ಕೇ ನಿಂತಿದೆ. ಇವತ್ತು ಆ ಹೆಸರಲ್ಲಿ ಸಿಗುವ ಅಗ್ಗದ ಕೆಂಪು ಆಯಿಲ್‌ಗೆ ಯಾರ ಹೊಣೆಯೂ ಇಲ್ಲ. ಕೆಂಪು ಬರೀ ಬಣ್ಣ, ಗುಣವಲ್ಲ.

ಮೊದಲು ನೋಡಬೇಕಾದ್ದು ಆಯಿಲ್ ಎಷ್ಟು ದಪ್ಪ, ಎಷ್ಟು ತೆಳು ಎಂಬುದನ್ನು. 100 ಡಿಗ್ರಿ ಬಿಸಿಯಲ್ಲಿ ಹಳೆಯ ಡೆಕ್ಸ್‌ರಾನ್-3, ಟೊಯೊಟಾ ಟಿ-4 ಸುಮಾರು 7 ಸೆಂಟಿಸ್ಟೋಕ್ (ದಪ್ಪದ ಅಳತೆ; ಅಂಕಿ ಹೆಚ್ಚಿದಷ್ಟೂ ದಪ್ಪ), ಡಬ್ಲ್ಯುಎಸ್ 5.5ರ ಆಸುಪಾಸು, ಡೆಕ್ಸ್‌ರಾನ್-6 ಹೊಸದಿದ್ದಾಗ 6.4 ಮೀರುವಂತಿಲ್ಲ. ಬಿಡದಿಯಲ್ಲಿ ತಯಾರಾದ ಇನೋವಾ ಕ್ರಿಸ್ಟಾದ 6-ಸ್ಪೀಡ್ ಆಟೊಮ್ಯಾಟಿಕ್ ಕೇಳುವುದು ಡಬ್ಲ್ಯುಎಸ್. ವಾರಂಟಿ ಮುಗಿದ ಅಂಥ ಗಾಡಿಗೆ ಒಳ್ಳೆಯ ತೆಳು ಮಲ್ಟಿ-ವೆಹಿಕಲ್ ಆಯಿಲ್ ಧಾರಾಳವಾಗಿ ಹಾಕಬಹುದು. ಹಳೆಯ ದಪ್ಪ ಆಯಿಲ್ ಮಾತ್ರ ಬೇಡ.

ಎರಡನೆಯದು ಕ್ಲಚ್ ಹಿಡಿತ. ಟಾರ್ಕ್ ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಲಾಕ್ ಆಗುವಾಗ ಕ್ಲಚ್ ನಯವಾಗಿ ಹಿಡಿಯಲೆಂದೇ ಆಯಿಲ್‌ಗೆ ಫ್ರಿಕ್ಷನ್ ಮಾಡಿಫೈಯರ್ ಬೆರೆಸಿರುತ್ತಾರೆ. ಅದು ಹೊಂದದಿದ್ದರೆ 50-80 ಕಿ.ಮೀ. ವೇಗದಲ್ಲಿ, ಆಕ್ಸಿಲರೇಟರ್ ಹಗುರವಾಗಿ ಒತ್ತಿದ್ದಾಗ, ರಂಬಲ್ ಸ್ಟ್ರಿಪ್ ಮೇಲೆ ಗಾಡಿ ಹೋದಂತೆ ಒಂದೆರಡು ಸೆಕೆಂಡ್ ಗಡಗಡ ನಡುಗುತ್ತದೆ. ಎಷ್ಟೋ ಸಲ ಎಂಜಿನ್ ಮೌಂಟ್ ಹೋಗಿದೆ ಅಂತ ಅದನ್ನು ಬದಲಿಸಿ ದುಡ್ಡು ಕಳೆಯುತ್ತಾರೆ.

ಗಾಡಿಯ ಹೆಸರು ಹೇಳಿ ಆಯಿಲ್ ಕೇಳಬೇಡಿ. ಹೋಂಡಾ ಸಿಟಿಯನ್ನೇ ತೆಗೆದುಕೊಳ್ಳಿ. 2003ರ ತಲೆಮಾರಿನ ಸಿವಿಟಿಗೆ (ಗೇರ್ ಬದಲು ಬೆಲ್ಟು-ಪುಲ್ಲಿ ಇರುವ ಆಟೊಮ್ಯಾಟಿಕ್) ಎಚ್‌ಎಂಎಂಎಫ್, 2008ರ ನಂತರದ 5-ಸ್ಪೀಡ್‌ಗೆ ಡಿಡಬ್ಲ್ಯು-1, 2014ರ ಸಿವಿಟಿಗೆ ಎಚ್‌ಸಿಎಫ್-2. ಮೂರೂ ಬೇರೆ ಬೇರೆ. ಸಿವಿಟಿಯಲ್ಲಿ ಸ್ಟೀಲ್ ಬೆಲ್ಟು ಪುಲ್ಲಿಯನ್ನು ಕಚ್ಚಿ ಹಿಡಿಯಬೇಕು. ಸಾಮಾನ್ಯ ಎಟಿಎಫ್ ಬಿದ್ದರೆ ಬೆಲ್ಟು ಜಾರಿ ಪುಲ್ಲಿಯ ಮೈ ಗೀಚಿಹೋಗುತ್ತದೆ, ಆಮೇಲೆ ಆಯಿಲ್ ಬದಲಿಸಿ ಉಪಯೋಗವಿಲ್ಲ. ಹಾಗಾಗಿ ಸಿವಿಟಿಗೂ ಡಿಎಸ್‌ಜಿಗೂ (ಎರಡು ಕ್ಲಚ್‌ನ ಆಟೊಮ್ಯಾಟಿಕ್) ಕಂಪನಿ ಹೇಳಿದ್ದೇ ಬೇಕು. ಮಾರುತಿ ಎಜಿಎಸ್‌ನಂಥ ಎಎಂಟಿ (ಕ್ಲಚ್, ಗೇರ್ ತಾನೇ ಬದಲಿಸುವ ವ್ಯವಸ್ಥೆ) ಒಳಗಿರುವುದು ಮ್ಯಾನುಯಲ್ ಗೇರ್‌ಬಾಕ್ಸ್. ಅದಕ್ಕೆ ಗೇರ್ ಆಯಿಲ್.

ಬದಲಿಸುವಾಗ ಮೊದಲು ಫಿಲ್ ಪ್ಲಗ್ (ಆಯಿಲ್ ತುಂಬುವ ತೂತಿನ ಮುಚ್ಚಳ) ಸಡಿಲಿಸಿ. ಅದು ತುಕ್ಕು ಹಿಡಿದು ಕೂತಿದ್ದರೆ ಆಯಿಲ್ ಇಳಿಸುವ ಕೆಳಗಿನ ಪ್ಲಗ್ ಮುಟ್ಟಲೇಬೇಡಿ. ಆಯಿಲ್ ಇಳಿಸಿದ ಮೇಲೆ ತುಂಬಲು ದಾರಿ ಇರುವುದಿಲ್ಲ. ಇಳಿದ ಆಯಿಲನ್ನು ಅಳತೆ ಜಗ್ಗಿನಲ್ಲಿ ಅಳೆದು ಅಷ್ಟೇ ಹೊಸದು ಹಾಕಿ, ವಾಷರ್ ಹೊಸದಿರಲಿ. ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣುಪು ಕೆಸರು ಇರುವುದು ಸಹಜ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಒಳಗೆ ಏನೋ ಸವೆದಿದೆ ಎಂದೇ ಅರ್ಥ. ಒಂದೇ ಸಲಕ್ಕೆ ಎಲ್ಲಾ ಇಳಿಯುವುದಿಲ್ಲ, ಕನ್ವರ್ಟರ್‌ನಲ್ಲಿ ಉಳಿಯುತ್ತದೆ. 6 ಲೀಟರ್‌ನಲ್ಲಿ 2.4 ಲೀಟರ್ ಇಳಿಯಿತು ಅಂದುಕೊಳ್ಳಿ: ಮೊದಲ ಸಲ 40% ಹೊಸದು, ನಡುನಡುವೆ ಗಾಡಿ ಓಡಿಸಿ ಮೂರು ಸಲ ಮಾಡಿದರೆ 78%. ಒಟ್ಟು 7.2 ಲೀಟರ್ ಬೇಕಾಗುವ ಈ ಕೆಲಸದಲ್ಲಿ ಮಲ್ಟಿ-ವೆಹಿಕಲ್ ಆಯಿಲ್‌ನ ಉಳಿತಾಯ ನಿಜಕ್ಕೂ ಕೈಗೆ ಸಿಗುತ್ತದೆ.

ಡಿಪ್‌ಸ್ಟಿಕ್ ಇಲ್ಲದ ಗೇರ್‌ಬಾಕ್ಸ್‌ನಲ್ಲಿ ಗಾಡಿ ಸಮತಟ್ಟಾಗಿದ್ದು, ಎಂಜಿನ್ ಆನ್ ಇದ್ದು, ಗಾಡಿಯ ಕೈಪಿಡಿ ಹೇಳಿದ ಬಿಸಿಯಲ್ಲಿ, ಸಾಮಾನ್ಯವಾಗಿ 40 ಡಿಗ್ರಿ ಆಸುಪಾಸಿನಲ್ಲಿ, ಓವರ್‌ಫ್ಲೋ ಪ್ಲಗ್ (ಹೆಚ್ಚಾದ ಆಯಿಲ್ ಹೊರಹೋಗುವ ತೂತಿನ ಮುಚ್ಚಳ) ಬಿಚ್ಚಿ ಮಟ್ಟ ನೋಡಬೇಕು. ಧಾರೆ ನಿಂತು ತೊಟ್ಟಿಕ್ಕಲು ಶುರುವಾದಾಗ ಪ್ಲಗ್ ಮುಚ್ಚಿ. ಆಯಿಲ್ 80 ಡಿಗ್ರಿಗೆ ಕಾದಿದ್ದಾಗ ನೋಡಿದರೆ ಅದು ಹಿಗ್ಗಿ ಹೆಚ್ಚು ಹೊರಗೆ ಹರಿಯುತ್ತದೆ, ತಣ್ಣಗಾದ ಮೇಲೆ ಗೇರ್‌ಬಾಕ್ಸ್‌ನಲ್ಲಿ ಕಡಿಮೆ ಬೀಳುತ್ತದೆ.